ಶೀತ ಹವೆಗೆ ಪವರ್ ಸ್ಟೀರಿಂಗ್ ಎಣ್ಣೆ

ಪವರ್ ಸ್ಟೀರಿಂಗ್ ಎಣ್ಣೆ: ಕಾರಿನ ಸ್ಟೀರಿಂಗ್ ತಿರುಗಿಸುವಾಗ ಚಾಲಕನ ತೋಳಿಗೆ ನೆರವಾಗುವ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಪಂಪಿನ ಒತ್ತಡವನ್ನು ಮುಂಚಕ್ರಗಳ ಕಡೆಗೆ ಒಯ್ಯುವ ದ್ರವ. ಪಂಪಿನ ಬಿಡಿಭಾಗಗಳ ಸವೆತ ತಡೆಯುವುದು, ಶಾಖವನ್ನು ಸಾಗಿಸುವುದು, ತುಕ್ಕು ಹಿಡಿಯದಂತೆ ಕಾಯುವುದು, ರಬ್ಬರ್ ಸೀಲುಗಳನ್ನು ಮೆತ್ತಗಿಡುವುದು ಇವೂ ಅದರ ಕೆಲಸಗಳೇ. ಸಾಧಾರಣ ಕಾರಿನಲ್ಲಿ ಇದರ ಪ್ರಮಾಣ ಸುಮಾರು 1 ಲೀಟರು. ಬೆಚ್ಚನೆಯ ಊರುಗಳಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದ ಈ ಎಣ್ಣೆ, ಉಷ್ಣತೆ ಸೊನ್ನೆಗಿಂತ 20–30 ಡಿಗ್ರಿ ಕೆಳಗಿಳಿಯುವ ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ಸ್ಕ್ಯಾಂಡಿನೇವಿಯಾ ಮತ್ತು ರಷ್ಯಾಗಳಲ್ಲಿ ಪ್ರತಿ ಚಳಿಗಾಲವೂ ಮಾತಿಗೆ ಬರುತ್ತದೆ. ಯಾವ ಎಣ್ಣೆ ಹಾಕಬೇಕು ಎಂಬುದನ್ನು ನಿರ್ಧರಿಸುವುದು ಕಾರು ತಯಾರಕರು ಗೊತ್ತುಪಡಿಸಿದ ದರ್ಜೆ; ಅಂಗಡಿಯ ಶೀಶೆಯ ಮೇಲಿನ ‘ಎಲ್ಲ ವಾಹನಗಳಿಗೂ’ ಎಂಬ ಬರಹವಲ್ಲ. ತಪ್ಪು ಎಣ್ಣೆ ಹಾಕಿದರೂ ಸೆಕೆಗಾಲದಲ್ಲಿ ಕಾರು ಓಡುತ್ತಲೇ ಇರುತ್ತದೆ. ತಪ್ಪು ಬಯಲಿಗೆ ಬೀಳುವುದು ಮೊದಲ ಕಡುಚಳಿಯ ಬೆಳಗಿನಲ್ಲಿ.

ಹಿನ್ನೆಲೆ

ಹೈಡ್ರಾಲಿಕ್ ಪವರ್ ಸ್ಟೀರಿಂಗನ್ನು ಬಳಕೆಗೆ ಬರುವ ರೂಪಕ್ಕೆ ತಂದವನು ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್. ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದಾಗ ಭಾರಿ ವಾಹನ ತಿರುಗಿಸುವ ಕಷ್ಟವನ್ನು ಹತ್ತಿರದಿಂದ ಕಂಡಿದ್ದ ಆತ, 1920ರ ದಶಕದಲ್ಲಿ ಈ ಸಾಧನವನ್ನು ಕಾರಿಗೆ ಅಳವಡಿಸಿ ಓಡಿಸಿ ತೋರಿಸಿದ. ಗ್ರಾಹಕರ ಕೈಗೆ ಅದು ಸಿಕ್ಕಿದ್ದು ಮಾತ್ರ 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನ ‘ಹೈಡ್ರಗೈಡ್’ ರೂಪದಲ್ಲಿ. ಮರುವರ್ಷ ಕ್ಯಾಡಿಲ್ಯಾಕ್ ಕಾರುಗಳಿಗೂ ಬಂತು.

ಆಗ ಸ್ಟೀರಿಂಗಿಗೆಂದೇ ತಯಾರಾದ ಎಣ್ಣೆ ಇರಲಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗಾಗಿ ಜನರಲ್ ಮೋಟರ್ಸ್ 1949ರಲ್ಲಿ ಗೊತ್ತುಪಡಿಸಿದ್ದ ‘ಟೈಪ್ ಎ’ ಎಣ್ಣೆಯನ್ನೇ ಸ್ಟೀರಿಂಗಿಗೂ ಸುರಿಯುವುದು ರೂಢಿಯಾಯಿತು. ಅದು ಕೆಟ್ಟ ಆಯ್ಕೆಯೇನೂ ಆಗಿರಲಿಲ್ಲ. ತೆಳ್ಳಗೆ ಹರಿಯುವ, ನೊರೆ ಬಾರದ, ಸೀಲುಗಳಿಗೆ ಹೊಂದುವ ಎಣ್ಣೆ ಗೇರ್‌ಬಾಕ್ಸಿಗೂ ಬೇಕು, ಸ್ಟೀರಿಂಗಿಗೂ ಬೇಕು. ಟೈಪ್ ಎ ಹೋಗಿ 1967ರಲ್ಲಿ ಡೆಕ್ಸ್‌ರಾನ್ ಬಂತು, ಅದರ ಹಲವು ಪೀಳಿಗೆಗಳು ಬಂದವು. ಗೇರ್ ಎಣ್ಣೆಯನ್ನು ಸ್ಟೀರಿಂಗಿಗೆ ಬಳಸುವ ಪದ್ಧತಿ ಮಾತ್ರ ಅನೇಕ ಕಾರುಗಳಲ್ಲಿ ಇಂದಿಗೂ ಉಳಿದಿದೆ. ಫ್ರಾನ್ಸಿನಲ್ಲಿ ಸಿಟ್ರೊಎನ್ ಕಂಪನಿ 1955ರ ಡಿಎಸ್ ಕಾರಿನಲ್ಲಿ ಬೇರೆಯದೇ ದಾರಿ ಹಿಡಿಯಿತು. ಸಸ್ಪೆನ್ಷನ್, ಬ್ರೇಕು, ಸ್ಟೀರಿಂಗ್ ಎಲ್ಲಕ್ಕೂ ಒಂದೇ ದ್ರವ. ಮೊದಲು ಸಸ್ಯಜನ್ಯ ಎಣ್ಣೆಯ ಮೂಲದ್ದು, ಆಮೇಲೆ ಕೆಂಪು ಬಣ್ಣದ ಕೃತಕ ದ್ರವ, ಕಡೆಗೆ 1966ರಲ್ಲಿ ಹಸಿರು ಬಣ್ಣದ ಖನಿಜ ಮೂಲದ ಎಲ್‌ಎಚ್‌ಎಂ. ಕೆಂಪಿನ ಕಾರಿಗೆ ಹಸಿರು ಹಾಕಿದರೂ ಹಸಿರಿನ ಕಾರಿಗೆ ಕೆಂಪು ಹಾಕಿದರೂ ಸೀಲುಗಳು ಹಾಳಾಗುತ್ತಿದ್ದವು. ಎಣ್ಣೆಯ ಆಯ್ಕೆಯೆಂದರೆ ಸೀಲುಗಳ ಆಯ್ಕೆಯೂ ಹೌದು ಎಂಬುದನ್ನು ಆ ಕಾರಿನ ಮಾಲೀಕರು ದುಬಾರಿ ಬೆಲೆ ತೆತ್ತು ಕಲಿತರು.

ಕೆಲಸ ಮಾಡುವ ಬಗೆ

ಎಂಜಿನ್ನಿನ ಬೆಲ್ಟು ಒಂದು ಪುಟ್ಟ ಪಂಪನ್ನು ತಿರುಗಿಸುತ್ತದೆ. ಪಂಪಿನ ತಿರುಗುವ ದುಂಡು ಭಾಗದ ಸೀಳುಗಳಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿಗಳು ಕೂತಿರುತ್ತವೆ. ತಿರುಗುವ ರಭಸಕ್ಕೆ ಅವು ಹೊರಕ್ಕೆ ಜಾರಿ ಸುತ್ತಲಿನ ಗೋಡೆಗೆ ಒತ್ತಿಕೊಂಡು, ನಡುವೆ ಸಿಕ್ಕ ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತವೆ. ಹಾಗೆ ತಳ್ಳಿದ ಎಣ್ಣೆ ಒಂದು ತಿರುಗು ಕವಾಟಕ್ಕೆ ಬರುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಕವಾಟದೊಳಗಿನ ತಿರುಚು ಸರಳು ತುಸುವೇ ತಿರುಚಿಕೊಂಡು ಎಣ್ಣೆಗೆ ಎಡಕ್ಕೋ ಬಲಕ್ಕೋ ದಾರಿ ತೆರೆಯುತ್ತದೆ. ಎಣ್ಣೆಯ ಒತ್ತಡ ಪಿಸ್ಟನ್ನನ್ನು ಆ ಕಡೆಗೆ ನೂಕುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಒತ್ತಡ 80ರಿಂದ 120 ಬಾರ್‌ವರೆಗೆ ಏರುವುದುಂಟು. ಕಾರಿನ ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್ ಮಾತ್ರ ಎಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ.

ಚಳಿಯ ಸಂಕಟ ಶುರುವಾಗುವುದು ಒತ್ತಡದ ಕಡೆಯಲ್ಲಲ್ಲ, ಪಂಪು ಎಣ್ಣೆಯನ್ನು ಹೀರುವ ಕಡೆಯಲ್ಲಿ. ಎಣ್ಣೆ ತುಂಬಿಡುವ ಡಬ್ಬಿಯಿಂದ ಪಂಪಿಗೆ ಅದನ್ನು ನೂಕುವುದು ವಾತಾವರಣದ ಒತ್ತಡ ಮಾತ್ರ, ಅಂದರೆ ಹೆಚ್ಚೆಂದರೆ 1 ಬಾರ್. ಎಣ್ಣೆ ಗಟ್ಟಿಯಾಗಿದ್ದರೆ ಪಂಪು ಕೇಳುವಷ್ಟು ಬೇಗ ಅದು ಹರಿದು ಬರುವುದಿಲ್ಲ. ಪಂಪಿನ ಬಾಯಲ್ಲಿ ನಿರ್ವಾತದಂಥ ಸ್ಥಿತಿ ಹುಟ್ಟಿ, ಎಣ್ಣೆಯಲ್ಲಿ ಗುಳ್ಳೆಗಳೇಳುತ್ತವೆ. ಅವು ಒತ್ತಡದ ಕಡೆಗೆ ಹೋದೊಡನೆ ಸಿಡಿದು ಕುಸಿಯುತ್ತವೆ. ಬಾನೆಟ್ಟಿನೊಳಗಿಂದ ಕೇಳುವ ನರಳುವ ಸದ್ದು ಇದೇ. ಪ್ರತಿ ಕುಸಿತವೂ ಲೋಹದ ಮೇಲ್ಮೈಯನ್ನು ಒಂದಿಷ್ಟು ಕೆತ್ತುವುದರಿಂದ ‘ಚಳಿಗೆ ಸದ್ದು ಬರುವುದು ಮಾಮೂಲು’ ಎಂದು ವರ್ಷಗಟ್ಟಲೆ ಬಿಡುವುದು ತರವಲ್ಲ. ಮಂದವಾದ ಎಣ್ಣೆಯಲ್ಲಿ ಪಂಪಿನ ಪಟ್ಟಿಗಳೂ ಸೀಳಿನಲ್ಲೇ ಅಂಟಿಕೊಂಡು ಹೊರಗೆ ಜಾರಲು ಹಿಂಜರಿಯುತ್ತವೆ. ಆಗ ಕೆಲವು ಕ್ಷಣ ಪಂಪು ತಿರುಗಿದರೂ ಎಣ್ಣೆ ಹೊರಡುವುದಿಲ್ಲ, ಸ್ಟೀರಿಂಗ್ ಹೆವಿಯಾಗುತ್ತದೆ.

ಚಳಿಯಲ್ಲಿ ಎಣ್ಣೆ

ಹರಿವಿಗೆ ದ್ರವ ಒಡ್ಡುವ ತಡೆಗೆ ಸ್ನಿಗ್ಧತೆ ಎನ್ನುತ್ತಾರೆ. ಉಷ್ಣತೆ ಇಳಿದಂತೆ ಎಣ್ಣೆಯ ಸ್ನಿಗ್ಧತೆ ಸಮಪ್ರಮಾಣದಲ್ಲಿ ಏರುವುದಿಲ್ಲ. ಮೊದಲು ನಿಧಾನವಾಗಿ, ಆಮೇಲೆ ಧುತ್ತನೆ ಏರುತ್ತದೆ. ಖನಿಜ ತೈಲದಲ್ಲಿ ಇದರ ಮೇಲೊಂದು ತೊಡಕಿದೆ: ಅದರಲ್ಲಿ ಕರಗಿರುವ ಮೇಣ ಹರಳುಗಟ್ಟಿ, ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆಯನ್ನು ಹಿಡಿದು ನಿಲ್ಲಿಸುತ್ತವೆ. ಡಿಸೆಂಬರಿನ ಬೆಳಗ್ಗೆ ಶೀಶೆಯಲ್ಲಿ ಬೆಳ್ಳಗೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯಲ್ಲಿ ನಡೆಯುವುದೂ ಇದೇ ಜಾತಿಯ ಕ್ರಿಯೆ. ತಯಾರಕರು ಮೇಣವನ್ನು ಆದಷ್ಟು ತೆಗೆದು, ಹರಳುಗಳು ಹೆಣೆದುಕೊಳ್ಳದಂತೆ ತಡೆಯುವ ರಾಸಾಯನಿಕ ಸೇರಿಸುತ್ತಾರೆ. ಸಿಂಥೆಟಿಕ್ ಎಣ್ಣೆಯಲ್ಲಿ ಮೇಣವೇ ಇರುವುದಿಲ್ಲ. ಅದರ ಹೆಚ್ಚಿನ ಬೆಲೆಗೆ ದೊಡ್ಡ ಸಮರ್ಥನೆ ಇದು.

ಎಣ್ಣೆಯ ಮಾಹಿತಿ ಪತ್ರದಲ್ಲಿ ಚಳಿಗೆ ಸಂಬಂಧಿಸಿದ ಸಂಖ್ಯೆಗಳು ಮೂರು. ಹರಿಯುವುದು ಪೂರ್ತಿ ನಿಲ್ಲುವ ಅಂಚಿನ ಉಷ್ಣತೆ ಒಂದು. ಜಾಹೀರಾತುಗಳಲ್ಲಿ ಎದ್ದು ಕಾಣುವುದು ಇದೇ. ಆದರೆ ನಂಬಿ ಕೂರಬಾರದ ಸಂಖ್ಯೆಯೂ ಇದೇ, ಏಕೆಂದರೆ ಎಣ್ಣೆ ನಿಲ್ಲುವುದಕ್ಕೆ ಎಷ್ಟೋ ಮೊದಲೇ ಪಂಪು ಪರದಾಡಲು ಶುರುಮಾಡಿರುತ್ತದೆ. ಎರಡನೆಯದು ಸ್ನಿಗ್ಧತಾ ಸೂಚ್ಯಂಕ: ಬಿಸಿ–ಚಳಿಗಳ ನಡುವೆ ಎಣ್ಣೆ ಎಷ್ಟು ಕಡಿಮೆ ಬದಲಾಗುತ್ತದೆ ಎಂಬುದರ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮೈನಸ್ 40 ಡಿಗ್ರಿಯಲ್ಲಿ ಬ್ರೂಕ್‌ಫೀಲ್ಡ್ ಮಾಪಕದಿಂದ ಅಳೆದ ಸ್ನಿಗ್ಧತೆ.

ಈ ಮೂರನೆಯ ಸಂಖ್ಯೆಯನ್ನು ಹಿಡಿದು ನೋಡಿದರೆ ಎಣ್ಣೆಗಳ ಅಂತರ ಕಣ್ಣಿಗೆ ರಾಚುತ್ತದೆ. ಕೋಣೆಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ 1 ಸೆಂಟಿಪಾಯ್ಸ್. ಮೈನಸ್ 40ರಲ್ಲಿ ಹಳೆಯ ಡೆಕ್ಸ್‌ರಾನ್ 2-ಡಿ ಎಣ್ಣೆಗೆ 50,000 ಸೆಂಟಿಪಾಯ್ಸ್‌ವರೆಗೆ ಅವಕಾಶವಿತ್ತು. ಡೆಕ್ಸ್‌ರಾನ್ 3ಕ್ಕೆ ಅದನ್ನು 20,000ಕ್ಕೆ ಇಳಿಸಿದರು, 2005ರ ಡೆಕ್ಸ್‌ರಾನ್ 6ಕ್ಕೆ 15,000ಕ್ಕೆ. ಜರ್ಮನಿಯ ಪೆಂಟೋಸಿನ್ ಸಿಎಚ್‌ಎಫ್ 11ಎಸ್‌ನಂಥ ಸಿಂಥೆಟಿಕ್ ಹೈಡ್ರಾಲಿಕ್ ಎಣ್ಣೆ ಅದೇ ಕೊರೆಯುವ ಚಳಿಯಲ್ಲಿ ಸುಮಾರು 1,000ದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೋಜಿಗವೆಂದರೆ ಬಿಸಿಯಲ್ಲಿ ಇವುಗಳ ನಡುವೆ ಇಷ್ಟು ಅಂತರವಿಲ್ಲ. 100 ಡಿಗ್ರಿಯಲ್ಲಿ ಡೆಕ್ಸ್‌ರಾನ್ 3ರ ಸ್ನಿಗ್ಧತೆ 7 ಸೆಂಟಿಸ್ಟೋಕ್ಸ್‌ನಷ್ಟಿದ್ದರೆ (ಇದು ಸ್ನಿಗ್ಧತೆಯ ಇನ್ನೊಂದು ಮಾನ) ಸಿಎಚ್‌ಎಫ್‌ನದು 6ರಷ್ಟು. ಚೆನ್ನಾಗಿ ಬಿಸಿಯಾದಾಗ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುವ ಎರಡು ಎಣ್ಣೆಗಳು ಚಳಿಗಾಲದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ವರ್ತಿಸುವುದು ಇದರಿಂದಾಗಿ.

ಎಣ್ಣೆಯ ಮನೆತನಗಳು

ಮಾರುಕಟ್ಟೆಯಲ್ಲಿ ಸಿಗುವ ಸ್ಟೀರಿಂಗ್ ಎಣ್ಣೆಗಳನ್ನು ಸ್ಥೂಲವಾಗಿ ಮೂರು ಮನೆತನಗಳೆನ್ನಬಹುದು. ಮೊದಲನೆಯದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯದು (ಎಟಿಎಫ್), ಸಾಮಾನ್ಯವಾಗಿ ಕೆಂಪು. ಟೊಯೊಟಾ ತನ್ನ ಹೈಡ್ರಾಲಿಕ್ ಸ್ಟೀರಿಂಗ್ ಕಾರುಗಳಿಗೆ ಡೆಕ್ಸ್‌ರಾನ್ 2 ಅಥವಾ 3ನ್ನು ಹೇಳುತ್ತದೆ. ಫೋರ್ಡ್ ಬಹುಪಾಲು ಕಾರುಗಳಿಗೆ ಮರ್ಕಾನ್ ದರ್ಜೆಯನ್ನು, ಕ್ರೈಸ್ಲರ್ 2000ದ ನಂತರದ ಹಲವು ಮಾದರಿಗಳಿಗೆ ಎಟಿಎಫ್+4 ಎಣ್ಣೆಯನ್ನು ಗೊತ್ತುಪಡಿಸಿವೆ. ಎರಡನೆಯದು ಸಿಎಚ್‌ಎಫ್ ಮನೆತನ, ಬಣ್ಣ ಹಸಿರು. ಆಡಿ, ಫೋಕ್ಸ್‌ವ್ಯಾಗನ್, ಪೋರ್ಶೆ, ಸಾಬ್ ಹಾಗೂ ಬಿಎಂಡಬ್ಲ್ಯು, ವೋಲ್ವೊಗಳ ಅನೇಕ ಮಾದರಿಗಳು ಇದನ್ನೇ ಬೇಡುತ್ತವೆ. ಫೋಕ್ಸ್‌ವ್ಯಾಗನ್ ಶೀಶೆಗಳ ಮೇಲೆ ಜಿ 002 000 ಅಥವಾ ಜಿ 004 000 ಎಂಬ ಸಂಖ್ಯೆ ಕಾಣುತ್ತದೆ. ಮೂರನೆಯದು ತಯಾರಕರು ತಮ್ಮದೇ ಸೀಲುಗಳಿಗಾಗಿ ಮಾಡಿಸಿಕೊಂಡ ಎಣ್ಣೆಗಳದು: ಹೋಂಡಾದ ಪಿಎಸ್‌ಎಫ್, ಹ್ಯುಂಡೈ–ಕಿಯಾಗಳ ಪಿಎಸ್‌ಎಫ್-3 ಮತ್ತು ಪಿಎಸ್‌ಎಫ್-4, ಜನರಲ್ ಮೋಟರ್ಸ್‌ನ ಸ್ಟೀರಿಂಗ್ ಎಣ್ಣೆ ಇತ್ಯಾದಿ. ಹೋಂಡಾ ಕಾರಿಗೆ ಕೆಂಪು ಗೇರ್ ಎಣ್ಣೆ ಹಾಕಬಾರದೆಂದು ಆ ಕಂಪನಿ ಸ್ಪಷ್ಟವಾಗಿ ಎಚ್ಚರಿಸುತ್ತದೆ. ತುರ್ತಿಗೆ ಬೇರೆ ಸ್ಟೀರಿಂಗ್ ಎಣ್ಣೆ ಹಾಕಿದ್ದರೂ ಬೇಗನೆ ಪೂರ್ತಿ ತೆಗೆದು ತನ್ನದನ್ನು ತುಂಬಿಸಬೇಕೆಂಬುದು ಅದರ ಸೂಚನೆ.

ಬಣ್ಣ ನೋಡಿ ಎಣ್ಣೆ ಕೊಳ್ಳಬಾರದು. ಸಿಟ್ರೊಎನ್‌ನ ಎಲ್‌ಎಚ್‌ಎಂ ಹಸಿರು, ಪೆಂಟೋಸಿನ್ ಕೂಡ ಹಸಿರು. ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಎಣ್ಣೆಗೆ ಬೆರೆಸುವ ಬಣ್ಣಕ್ಕೂ ಅದರ ಗುಣಕ್ಕೂ ಸಂಬಂಧವಿಲ್ಲ. ಹಳೆಯದಾದ ಮೇಲಂತೂ ಎಲ್ಲವೂ ಕಂದು.

ಆಯ್ಕೆ

ಮೊದಲು ನೋಡಬೇಕಾದ್ದು ಎಣ್ಣೆ ಡಬ್ಬಿಯ ಮುಚ್ಚಳ. ಬಿಎಂಡಬ್ಲ್ಯು ಕಾರುಗಳಲ್ಲಿ ಇದು ತುಂಬ ಸ್ಪಷ್ಟ: ಒಂದು ಮಾದರಿಯ ಮುಚ್ಚಳದ ಮೇಲೆ ಎಟಿಎಫ್ ಎಂದಿದ್ದರೆ, ಇನ್ನೊಂದರ ಮೇಲೆ ಸಿಎಚ್‌ಎಫ್ 11ಎಸ್ ಎಂದಿರುತ್ತದೆ. ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಕಾರುಗಳಿಗೆ ಬೇರೆ ಬೇರೆ ಎಣ್ಣೆ ಇರಬಹುದು. ಹಳೆಯ ಕಾರಿನಲ್ಲಿ ಮುಚ್ಚಳವನ್ನೇ ಯಾರೋ ಬದಲಿಸಿರಲೂಬಹುದು, ಆದ್ದರಿಂದ ಮಾಲೀಕರ ಕೈಪಿಡಿಯ ಜೊತೆ ತಾಳೆ ನೋಡುವುದು ಕ್ಷೇಮ. ಮುಚ್ಚಳವೂ ಕೈಪಿಡಿಯೂ ಒಂದೇ ಮಾತು ಹೇಳಿದರೆ ಅಲ್ಲಿಗೆ ಆಯ್ಕೆಯ ಮುಕ್ಕಾಲು ಭಾಗ ಮುಗಿಯಿತು.

ಉಳಿದ ಕಾಲು ಭಾಗ ಚಳಿಯದು. ಕೆಲವು ತಯಾರಕರು ಚಳಿ ಪ್ರದೇಶಕ್ಕೆಂದೇ ಬೇರೆ ಎಣ್ಣೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಜನರಲ್ ಮೋಟರ್ಸ್ ತನ್ನ ಸಾಧಾರಣ ಸ್ಟೀರಿಂಗ್ ಎಣ್ಣೆಯ ಪಕ್ಕದಲ್ಲೇ ‘ಕೋಲ್ಡ್ ಕ್ಲೈಮೇಟ್’ ಹೆಸರಿನ ಎಣ್ಣೆಯನ್ನು ಮಾರಿತು. ಚಳಿಯ ಬೆಳಗ್ಗೆ ನರಳುವ ಪಂಪುಗಳಿಗೆ ಅದೇ ಮದ್ದಾಯಿತು. ಲ್ಯಾಂಡ್ ರೋವರ್‌ನ ಹಲವು ಮಾದರಿಗಳಿಗೂ ‘ಕೋಲ್ಡ್ ಕ್ಲೈಮೇಟ್’ ಎಣ್ಣೆಯೇ ನಿಗದಿಯಾಗಿತ್ತು. ಇಂಥ ಒಪ್ಪಿಗೆ ಇದ್ದಲ್ಲಿ, ಉಷ್ಣತೆ ಮೈನಸ್ 20ಕ್ಕಿಂತ ಕೆಳಗೆ ಹೋಗುವ ಊರಿನವರು ಯೋಚನೆಯಿಲ್ಲದೆ ಅದನ್ನೇ ತುಂಬಿಸಬೇಕು. ಡೆಕ್ಸ್‌ರಾನ್ 3 ಕೇಳುವ ಕಾರಿನಲ್ಲಿ ಅದೇ ದರ್ಜೆ ಪೂರೈಸುವ ಸಿಂಥೆಟಿಕ್ ಎಣ್ಣೆ ಬಳಸುವುದು ಎರಡನೆಯ ಸುರಕ್ಷಿತ ದಾರಿ. ದರ್ಜೆ ಬದಲಾಗುವುದಿಲ್ಲ, ಸೀಲುಗಳ ಹೊಂದಾಣಿಕೆ ಕೆಡುವುದಿಲ್ಲ, ಮೈನಸ್ 40ರ ಸಂಖ್ಯೆ ಮಾತ್ರ ಗಣನೀಯವಾಗಿ ಇಳಿಯುತ್ತದೆ. ಬಹುತೇಕ ಕಾರುಗಳಿಗೆ ಇಷ್ಟು ಸಾಕು.

ಇದನ್ನು ದಾಟಿ, ಡೆಕ್ಸ್‌ರಾನ್ ಕೇಳುವ ಕಾರಿಗೆ ‘ಚಳಿಗೆ ಒಳ್ಳೆಯದು’ ಎಂದು ಸಿಎಚ್‌ಎಫ್ ಸುರಿಯುವವರಿದ್ದಾರೆ. ಚಳಿಯಲ್ಲಿ ಅದು ಸುಲಭವಾಗಿ ಹರಿಯುವುದೇನೋ ಸರಿ. ಆದರೆ 40 ಡಿಗ್ರಿಯಲ್ಲಿ ಡೆಕ್ಸ್‌ರಾನ್‌ನ ಸ್ನಿಗ್ಧತೆ 34 ಸೆಂಟಿಸ್ಟೋಕ್ಸ್‌ನಷ್ಟಿದ್ದರೆ ಸಿಎಚ್‌ಎಫ್‌ನದು 18ರಷ್ಟು. ದಪ್ಪ ಎಣ್ಣೆಗೆಂದು ಮಾಡಿದ, ವರ್ಷಗಳಿಂದ ಸವೆದ ಪಂಪಿನ ಸಂದುಗಳಲ್ಲಿ ಈ ತೆಳು ಎಣ್ಣೆ ಸೋರಿ ಒತ್ತಡ ತಗ್ಗಬಹುದು. ತದ್ವಿರುದ್ಧ ತಪ್ಪು, ಎಂದರೆ ಸಿಎಚ್‌ಎಫ್ ಬೇಡುವ ಕಾರಿಗೆ ಅಗ್ಗದ ಕೆಂಪು ಎಣ್ಣೆ ಹಾಕುವುದು ಇನ್ನೂ ಕೆಟ್ಟದ್ದು. ಅದಕ್ಕೆ ಚಳಿಗಾಲವೇ ಶಿಕ್ಷೆ ಕೊಡುತ್ತದೆ. ಪಂಪನ್ನು ಬೆಲ್ಟಿನ ಬದಲು ವಿದ್ಯುತ್ ಮೋಟರು ತಿರುಗಿಸುವ ಕಾರುಗಳಲ್ಲಿ (ಒಪೆಲ್ ಆಸ್ಟ್ರಾದ ಜಿ ಮಾದರಿ, ಫೋಕ್ಸ್‌ವ್ಯಾಗನ್ ಪೋಲೊದ ನಾಲ್ಕನೇ ಪೀಳಿಗೆ ಇಂಥವು) ಗಟ್ಟಿ ಎಣ್ಣೆಯ ಭಾರವೆಲ್ಲ ಮೋಟರಿನ ಮೇಲೆ, ಅಲ್ಲಿಂದ ಚಳಿಗೆ ಮೊದಲೇ ಸೊರಗಿದ ಬ್ಯಾಟರಿಯ ಮೇಲೆ ಬೀಳುತ್ತದೆ.

‘ಯೂನಿವರ್ಸಲ್’ ಎಂದು ಬರೆದ ಶೀಶೆಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿರುತ್ತವೆ. ಆದರೆ ಶೀಶೆಯ ಹಿಂಬದಿಯಲ್ಲಿ ನಮ್ಮ ಕಾರಿನ ದರ್ಜೆಯ ಹೆಸರೂ, ಮಾಹಿತಿ ಪತ್ರದಲ್ಲಿ ಮೈನಸ್ 40ರ ಸ್ನಿಗ್ಧತೆಯೂ ಕಾಣದಿದ್ದರೆ ಅದನ್ನು ಕೊಳ್ಳಲು ಕಾರಣವಿಲ್ಲ. ಸೋರಿಕೆ ನಿಲ್ಲಿಸುವ ಸೇರ್ಪಡೆಗಳು ರಬ್ಬರನ್ನು ಉಬ್ಬಿಸಿ ತಾತ್ಕಾಲಿಕವಾಗಿ ತೇಪೆ ಹಾಕುತ್ತವೆ. ಸೋರುವ ಸೀಲನ್ನು ಬದಲಿಸುವುದೇ ಸರಿಯಾದ ರಿಪೇರಿ. ಬ್ರೇಕ್ ಎಣ್ಣೆಯನ್ನಂತೂ ಒಂದು ತೊಟ್ಟೂ ಸ್ಟೀರಿಂಗ್ ಡಬ್ಬಿಗೆ ಹಾಕಬಾರದು. ಗ್ಲೈಕಾಲ್ ಮೂಲದ ಆ ದ್ರವ ಸ್ಟೀರಿಂಗಿನ ರಬ್ಬರಿಗೆ ವೈರಿ. ಸ್ಟೀರಿಂಗ್ ಎಣ್ಣೆ ಬ್ರೇಕ್ ಡಬ್ಬಿಗೆ ಹೋದರೆ ಅಲ್ಲಿನ ಸೀಲುಗಳು ಉಬ್ಬಿ ಬ್ರೇಕೇ ಕೈಕೊಡುತ್ತದೆ. ಇದು ಪ್ರಾಣಕ್ಕೆ ಸಂಚಕಾರ.

ಎಣ್ಣೆಯದಲ್ಲದ ತಪ್ಪುಗಳು

ಚಳಿಯಲ್ಲಿ ಸ್ಟೀರಿಂಗ್ ಹೆವಿಯಾದ ಮಾತ್ರಕ್ಕೆ ಎಣ್ಣೆಯೇ ಕಾರಣ ಎನ್ನಲಾಗದು. 1980ರ ದಶಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಬೆಳಗ್ಗೆ ಮೊದಲ ಕೆಲವು ನಿಮಿಷ, ಬಹುಪಾಲು ಒಂದೇ ದಿಕ್ಕಿಗೆ, ಸ್ಟೀರಿಂಗ್ ಬಿಗಿಯಾಗಿ, ಕಾರು ಬೆಚ್ಚಗಾದ ಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಮೆಕ್ಯಾನಿಕ್‌ಗಳು ಅದನ್ನು ‘ಮಾರ್ನಿಂಗ್ ಸಿಕ್‌ನೆಸ್’ ಎಂದೇ ಕರೆದರು. ಕವಾಟದ ಟೆಫ್ಲಾನ್ ಉಂಗುರಗಳು ಮೆದು ಅಲ್ಯೂಮಿನಿಯಂ ಗೋಡೆಯಲ್ಲಿ ಗೀರು ಕೊರೆದಿದ್ದವು. ಚಳಿಗೆ ಬಿರುಸಾದ ಉಂಗುರ ಆ ಗೀರನ್ನು ತುಂಬಲಾರದೆ ಎಣ್ಣೆ ಒಳಗೊಳಗೇ ಸೋರುತ್ತಿತ್ತು. ಎಂಥ ದುಬಾರಿ ಎಣ್ಣೆಯೂ ಇದನ್ನು ಗುಣಪಡಿಸಲಾರದು. ಸದ್ದು ಬಂದರೆ ಎಣ್ಣೆ, ಒಂದೇ ಕಡೆಗೆ ಬಿಗಿಯಾದರೆ ಕವಾಟ ಎಂದು ಮೊದಲ ಅಂದಾಜು ಮಾಡಬಹುದು.

ಪಂಪಿನ ಬಾಯಲ್ಲಿರುವ ಪುಟ್ಟ ಓ-ರಿಂಗ್ ಇನ್ನೊಂದು ಅಪರಾಧಿ. ಹಳೆಯದಾಗಿ ಗಡುಸಾದ ಆ ರಬ್ಬರ್ ಬಳೆ ಚಳಿಗೆ ಕುಗ್ಗಿದರೆ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಡಬ್ಬಿಯಲ್ಲಿ ನೊರೆ ಕಂಡರೆ ಎಣ್ಣೆ ಬದಲಿಸುವ ಮೊದಲು ಇದನ್ನು ನೋಡಬೇಕು. ಅನೇಕ ಡಬ್ಬಿಗಳ ತಳದಲ್ಲಿ ಸಣ್ಣ ಕಣ್ಣಿನ ಜಾಲರಿಯೊಂದಿರುತ್ತದೆ. ಬೇಸಿಗೆಯಲ್ಲಿ ಅರ್ಧ ಕಟ್ಟಿಕೊಂಡ ಜಾಲರಿಯಿಂದಲೂ ಎಣ್ಣೆ ಇಳಿಯುತ್ತದೆ, ಮೈನಸ್ 25ರಲ್ಲಿ ಇಳಿಯುವುದಿಲ್ಲ. ಎಣ್ಣೆಯ ಮಟ್ಟವನ್ನೂ ಮರೆಯುವಂತಿಲ್ಲ. 80 ಡಿಗ್ರಿಯಿಂದ ಮೈನಸ್ 20ಕ್ಕೆ ತಣಿದಾಗ 1 ಲೀಟರು ಎಣ್ಣೆ ಸುಮಾರು 70 ಮಿಲಿಲೀಟರಿನಷ್ಟು ಕುಗ್ಗುತ್ತದೆ; ಬಿಸಿಯಲ್ಲಿ ಸರಿಯಾಗಿ ಕಂಡ ಮಟ್ಟ ಚಳಿಯಲ್ಲಿ ಪಂಪಿಗೆ ಗಾಳಿ ಕುಡಿಸುವಷ್ಟು ಕೆಳಗಿರಬಹುದು. ಅಳತೆಕಡ್ಡಿಯ ಮೇಲೆ ಬಿಸಿಗೂ ತಣ್ಣಗಿರುವುದಕ್ಕೂ ಬೇರೆ ಬೇರೆ ಗೆರೆ ಇರುವುದು ಇದಕ್ಕಾಗಿಯೇ.

ಕೆನಡಾದ ವಿನ್ನಿಪೆಗ್‌ನಂಥ ಊರುಗಳಲ್ಲಿ ರಾತ್ರಿಯಿಡೀ ಎಂಜಿನ್ ಬೆಚ್ಚಗಿಡಲು ವಿದ್ಯುತ್ ಹೀಟರಿನ ವೈರನ್ನು ಪಾರ್ಕಿಂಗ್ ಜಾಗದ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಅದು ಬೆಚ್ಚಗಾಗಿಸುವುದು ಎಂಜಿನ್ನಿನ ಕೂಲಂಟನ್ನು; ಸ್ಟೀರಿಂಗ್ ಎಣ್ಣೆ ಹೊರಗಿನಷ್ಟೇ ತಣ್ಣಗಿರುತ್ತದೆ. ಆದ್ದರಿಂದ ಎಂಜಿನ್ ಸಲೀಸಾಗಿ ಚಾಲೂ ಆಯಿತೆಂದು ತಕ್ಷಣ ಸ್ಟೀರಿಂಗ್ ಎಳೆದಾಡುವುದು ಸಲ್ಲದು. ಒಂದೆರಡು ನಿಮಿಷ ಎಂಜಿನ್ ಓಡಲು ಬಿಟ್ಟು, ಕಾರು ನಿಧಾನವಾಗಿ ಉರುಳುತ್ತಿರುವಾಗ ಸಣ್ಣ ತಿರುವುಗಳಿಂದ ಎಣ್ಣೆಗೆ ಚಲನೆ ಕೊಡಬೇಕು. ಕೊನೆಯವರೆಗೆ ತಿರುಗಿಸಿ ಹಿಡಿದರೆ ಎಣ್ಣೆ ಬೇಗ ಬಿಸಿಯಾಗುವುದು ನಿಜವಾದರೂ ಆ ಒತ್ತಡಕ್ಕೆ ಚಳಿಯಲ್ಲಿ ಗಡುಸಾದ ಹೋಸು ಬಿರುಕು ಬಿಡುವ ಅಪಾಯವಿದೆ.

ಬದಲಿಸುವುದು

ದರ್ಜೆ ಒಂದೇ ಆಗಿದ್ದರೆ ಮನೆಯಲ್ಲೇ ಮಾಡಬಹುದಾದ ವಿಧಾನವಿದೆ: ದೊಡ್ಡ ಸಿರಿಂಜಿನಿಂದ ಡಬ್ಬಿಯ ಎಣ್ಣೆ ತೆಗೆದು ಹೊಸದನ್ನು ತುಂಬಿ, ಒಂದೆರಡು ದಿನ ಓಡಿಸಿ ಮತ್ತೆ ಅದನ್ನೇ ಮಾಡುವುದು. ವ್ಯವಸ್ಥೆಯಲ್ಲಿ 1 ಲೀಟರಿದ್ದು ಡಬ್ಬಿಯಲ್ಲಿ 300 ಮಿಲಿಲೀಟರು ಹಿಡಿದರೆ, ಮೂರು ಸಲ ಬದಲಿಸಿದ ಮೇಲೂ ಹಳೆಯದು ಮೂರರಲ್ಲೊಂದು ಪಾಲು ಉಳಿದಿರುತ್ತದೆ. ಆರು ಸಲಕ್ಕೆ ಶೇ 12ಕ್ಕೆ ಇಳಿಯುತ್ತದೆ. ಬೇರೆ ಮನೆತನದ ಎಣ್ಣೆಗೆ ಹೋಗುವವರಿಗೆ ಇದು ಸಾಲದು. ಹಿಂತಿರುಗುವ ಹೋಸನ್ನು ಡಬ್ಬಿಯಿಂದ ಬಿಡಿಸಿ ಬಾಟಲಿಗಿಳಿಸಿ, ಡಬ್ಬಿಯ ಆ ಬಾಯನ್ನು ಮುಚ್ಚಿ, ಮುಂಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಸ್ಟೀರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸುತ್ತ, ಡಬ್ಬಿ ಬರಿದಾಗದಂತೆ ಹೊಸ ಎಣ್ಣೆ ಹಾಕುತ್ತ ಹಳೆಯದನ್ನೆಲ್ಲ ಹೊರಗೆ ನೂಕಬೇಕು. ಕಡೆಗೆ ಸ್ಟೀರಿಂಗನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿ ಗುಳ್ಳೆ ಬರುವುದು ನಿಲ್ಲುವವರೆಗೆ ಏರ್ ತೆಗೆಯಬೇಕು.

ಭಾರತದಲ್ಲಿ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಕರ್ನಾಟಕದ ಯಾವ ಊರಿನಲ್ಲೂ ಚಳಿಗೆಂದು ಬೇರೆ ಸ್ಟೀರಿಂಗ್ ಎಣ್ಣೆ ಹುಡುಕಬೇಕಾದ ಅಗತ್ಯವಿಲ್ಲ. ಜೊತೆಗೆ, 1988ರಲ್ಲಿ ಸುಜುಕಿ ಸೆರ್ವೊ ಕಾರಿನಿಂದ ಶುರುವಾದ ವಿದ್ಯುತ್ ಸ್ಟೀರಿಂಗ್ ಈಗ ನಮ್ಮ ಸಣ್ಣ ಕಾರುಗಳಲ್ಲೆಲ್ಲ ಇದೆ. ಅವುಗಳಲ್ಲಿ ಎಣ್ಣೆಯೇ ಇಲ್ಲ. ಟೊಯೊಟಾ ಇನ್ನೋವಾ, ಮಹೀಂದ್ರ ಬೊಲೆರೊ, ಹಳೆಯ ಸ್ಕಾರ್ಪಿಯೊಗಳಂಥ ದೊಡ್ಡ ವಾಹನಗಳಲ್ಲಿ ಹೈಡ್ರಾಲಿಕ್ ಸ್ಟೀರಿಂಗ್ ಇದೆ, ಲಡಾಖ್‌ಗೆ ಹೊರಡುವವರು ಹೆಚ್ಚಾಗಿ ಒಯ್ಯುವುದೂ ಇವನ್ನೇ. ಲೇಹ್, ದ್ರಾಸ್‌ಗಳ ಚಳಿಗಾಲ ಕೆನಡಾದ ಚಳಿಗಾಲಕ್ಕೆ ಸಾಟಿ. ಅಲ್ಲಿ ಡೀಸೆಲ್ಲೇ ಹೆಪ್ಪುಗಟ್ಟುತ್ತದೆಂದು ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಶೇಷ ಡೀಸೆಲ್ ತಂದಿತು. ಬೇಸಿಗೆಯ ಪ್ರವಾಸಕ್ಕೆ ಕಾರಿನಲ್ಲಿರುವ ಎಣ್ಣೆ ಸಾಕು. ಜನವರಿಯಲ್ಲಿ ಅಲ್ಲಿರಬೇಕಾದವರು ಕೈಪಿಡಿ ಹೇಳುವ ದರ್ಜೆಯ ಸಿಂಥೆಟಿಕ್ ಎಣ್ಣೆಯನ್ನು ಊರಿನಲ್ಲೇ ತುಂಬಿಸಿಕೊಂಡು ಹೊರಡುವುದು ಒಳ್ಳೆಯದು.

ಟೊರಾಂಟೊ, ಮಿನಿಯಾಪೊಲಿಸ್ ಕಡೆಗೆ ಹೊಸದಾಗಿ ಹೋಗಿ ಹಳೆಯ ಕಾರು ಕೊಳ್ಳುವ ಕನ್ನಡಿಗರು ಟೈರು, ಬ್ಯಾಟರಿಗಳ ಜೊತೆ ಸ್ಟೀರಿಂಗ್ ಡಬ್ಬಿಯ ಮುಚ್ಚಳವನ್ನೂ ತೆರೆದು ನೋಡಲಿ. ಎಣ್ಣೆ ಕಂದಾಗಿದ್ದರೆ, ಅಥವಾ ಒಳಗಿರುವುದು ಯಾವುದೆಂದು ಮಾರಿದವರಿಗೇ ಗೊತ್ತಿಲ್ಲದಿದ್ದರೆ, ಅಕ್ಟೋಬರ್ ಮುಗಿಯುವುದರೊಳಗೆ ಪೂರ್ತಿ ಬದಲಿಸಿಬಿಡಿ. ಹಿಮ ಬಿದ್ದ ಮೇಲೆ ಹಳೆಯ ಎಣ್ಣೆ ಸರಾಗವಾಗಿ ಇಳಿಯುವುದಿಲ್ಲ, ಏರ್ ಕೂಡ ಬೇಗ ಬಿಡುವುದಿಲ್ಲ.